ಪಬ್ಲಿಕ್ ವೈಫೈಗೆ ಹೋಗೋಕ್ ಮುಂಚೆ ಲ್ಯಾಪ್‌ಟಾಪ್ ಹೆಸರು ಬದಲಾಯ್ಸೋದು: ಯಾವ್ದು ಮೊದ್ಲು, ಯಾವ್ದು ಆಮೇಲೆ

"ಹೋಸ್ಟ್‌ನೇಮ್ ಚೇಂಜ್ ಮಾಡಿದೀನಿ, ರೀಸ್ಟಾರ್ಟೂ ಮಾಡಿದೀನಿ, ಆದ್ರೂ ರೂಟರಲ್ಲಿ ಹಳೇ ಹೆಸರೇ ಕೂತಿದೆ." ಈ ಒಂದೇ ಕಂಪ್ಲೇಂಟ್ ಕೇಳಿ ಕೇಳಿ ಸಾಕಾಗಿ ಇದನ್ನ ಬರೀತಿದೀನಿ. ಹೋಸ್ಟ್‌ನೇಮ್ ಅಂದ್ರೆ ನೆಟ್‌ವರ್ಕಲ್ಲಿ ಕಾಣೋ ಲ್ಯಾಪ್‌ಟಾಪ್ ಹೆಸರು. ಕೂತ್ಕೊಂಡು ವಿಚಾರಿಸಿದ್ರೆ ಗೊತ್ತಾಗತ್ತೆ, ಅರ್ಧ ಜನ ಬದಲಾಯ್ಸಿರೋದು ಲ್ಯಾಪ್‌ಟಾಪ್ ಹೆಸರಲ್ಲ, ಯೂಸರ್ ಅಕೌಂಟ್ ಹೆಸರು. ಇನ್ನರ್ಧ ಜನ ಚರ್ಚ್ ಸ್ಟ್ರೀಟಲ್ಲೋ ಇಂದಿರಾನಗರದಲ್ಲೋ ಕೆಫೆಲಿ ಕೂತು, ಅಲ್ಲಿನ ವೈಫೈಗೆ ಆಗ್ಲೇ ಕನೆಕ್ಟ್ ಆಗಿ, ಕಾಫಿ ಬಂದ್ಮೇಲೆ ಇದು ನೆನಪಾಗಿ ಬದಲಾಯ್ಸಿರ್ತಾರೆ. ಕೋಟೆ ಕೊಳ್ಳೆ ಹೊಡೆದ್ಮೇಲೆ ದಿಡ್ಡಿ ಬಾಗ್ಲು ಹಾಕ್ದಂಗೆ.

ಯಾಕಂದ್ರೆ ಹೆಸರು ಹೊರಗೆ ಹೋಗೋದು ಕನೆಕ್ಟ್ ಆಗೋ ಆ ಒಂದ್ ಸೆಕೆಂಡಲ್ಲೇ. ನಿಮ್ ಲ್ಯಾಪ್‌ಟಾಪು ರೂಟರ್ ಹತ್ರ "ನಂಗೊಂದು ಐಪಿ ಅಡ್ರೆಸ್ ಕೊಡಪ್ಪ" ಅಂತ ಕೇಳ್ಬೇಕು, ಅದಕ್ಕೆ ಡಿಎಚ್‌ಸಿಪಿ ಅಂತಾರೆ, ಆ ಕೋರಿಕೆ ಜೊತೆಗೇ 12ನೇ ನಂಬರ್ ಆಪ್ಷನ್ ಅಂತ ಒಂದಿದೆ, ಅದರಲ್ಲಿ ತನ್ನ ಹೆಸರನ್ನೂ ಬರ್ದು ಕಳ್ಸತ್ತೆ. ಮೊಬೈಲ್ ನಂಬರ್ ಹಾಕಿ ಓಟಿಪಿ ತಗೊಳೋ ಪೇಜ್ ಓಪನ್ ಆಗೋಕ್ ಮುಂಚೇನೇ ಇದು ಮುಗ್ದಿರತ್ತೆ. ವಿಪಿಎನ್ (ಇಂಟರ್ನೆಟ್ ಟ್ರಾಫಿಕ್ಕನ್ನ ಮುಚ್ಚಿ ಕಳ್ಸೋ ಸರ್ವಿಸ್) ಆನ್ ಮಾಡಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ವಿಪಿಎನ್ ಶುರುವಾಗೋದೇ ಐಪಿ ಸಿಕ್ಕಿದ್ಮೇಲೆ. ಇನ್‌ಕಾಗ್ನಿಟೊ ವಿಂಡೋ ಬಗ್ಗೆ ಮಾತೇ ಬೇಡ, ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ.

ಅಷ್ಟಕ್ಕೇ ನಿಲ್ಲಲ್ಲ. ಕನೆಕ್ಟ್ ಆದ್ಮೇಲೆ ಎಂಡಿಎನ್‌ಎಸ್, ಎಲ್‌ಎಲ್‌ಎಂಎನ್‌ಆರ್, ನೆಟ್‌ಬಯಾಸ್ ಅನ್ನೋ ಮೂರು ದಾರಿಲಿ ಲ್ಯಾಪ್‌ಟಾಪು "ನಾನಿಲ್ಲಿದೀನಿ, ನನ್ ಹೆಸರು ಇದು" ಅಂತ ಅದೇ ನೆಟ್‌ವರ್ಕಲ್ಲಿರೋ ಎಲ್ಲರಿಗೂ ಕೂಗ್ತಾ ಇರತ್ತೆ, ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗ್ದಂಗೆ. ಕೆಲವು ಕಡೆ ರೂಟರಲ್ಲಿ ಒಬ್ಬರಿಗೊಬ್ಬರು ಕಾಣದ ಹಾಗೆ ಸೆಟಿಂಗ್ ಮಾಡಿರ್ತಾರೆ, ಆದ್ರೆ ಪಿಜಿ ಓನರ್ ಅದನ್ನ ಮಾಡಿರ್ತಾರೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ಇಂಟರ್ನೆಟ್ ಸ್ಟ್ಯಾಂಡರ್ಡ್ ಬರಿಯೋ ಐಇಟಿಎಫ್‌ನೋರು ಹೋಸ್ಟ್‌ನೇಮ್ ಈ ಥರ ಬೀದಿಗೆ ಬರೋದು ಅಪಾಯ ಅಂತ 2017ರಲ್ಲೇ ಆರ್‌ಎಫ್‌ಸಿ 8117 ಅನ್ನೋ ದಾಖಲೇಲಿ ಬರ್ದಿಟ್ಟಿದಾರೆ.

ನನ್ ಕಥೆ ಹೇಳ್ಬೇಕಂದ್ರೆ, ಬಿಟಿಎಂ ಲೇಔಟಲ್ಲಿ ಪಿಜಿಲಿದ್ದಾಗ ಲ್ಯಾಪ್‌ಟಾಪಿಗೆ ನನ್ ಹೆಸರು ಮತ್ತೆ ರೂಮ್ ನಂಬರ್ ಸೇರ್ಸಿ ಜಾಣ ಥರ ಹೆಸರಿಟ್ಟಿದ್ದೆ. ಒಂದಿನ ಓನರ್ ತಿಂಡಿ ಟೈಮಲ್ಲಿ ಎಲ್ಲರ ಮುಂದೆ "ರಾತ್ರಿ ಎರಡು ಗಂಟೆ ತನಕ ಏನಪ್ಪಾ ಡೌನ್‌ಲೋಡು" ಅಂದ್ರು. ಅವತ್ತು ಕಲ್ತಿದ್ದು ಇದು.

ಶುರು ಮಾಡೋಕ್ ಮುಂಚೆ ಒಂದ್ ಮಾತು ತಿಳ್ಕೊಳಿ. ಹೆಸರು ಬದಲಾಯ್ಸಿದ್ರೆ ನೀವು ಮಾಯ ಆಗಲ್ಲ. ಏರ್‌ಪೋರ್ಟಲ್ಲಿ, ರೈಲ್ವೆ ಸ್ಟೇಷನಲ್ಲಿ ಓಟಿಪಿಗೆ ಮೊಬೈಲ್ ನಂಬರ್ ಕೊಟ್ಟೇ ಕೊಡ್ತೀರ, ವೈಫೈ ನಡ್ಸೋರಿಗೆ ಆ ನಂಬರ್ ಸಾಕು. ಇದು ಇರೋದು ಪಕ್ಕದ ಟೇಬಲ್ಲಿನವನಿಗೆ, ಪಿಜಿಲಿರೋ ಉಳಿದ ಐವತ್ತು ಜನಕ್ಕೆ, ಕೆಫೆ ರೂಟರ್ ಪಾಸ್‌ವರ್ಡ್ ಗೊತ್ತಿರೋ ಹುಡುಗನಿಗೆ ನಿಮ್ ಹೆಸರು ತಟ್ಟೇಲಿಟ್ಟು ಕೊಡ್ದೇ ಇರೋದಕ್ಕೆ.

## ಏನೇನು ಬೇಕು

ಅಡ್ಮಿನ್ ಪಾಸ್‌ವರ್ಡ್, ಅರ್ಧ ಗಂಟೆ ಟೈಮು, ಹಾಟ್‌ಸ್ಪಾಟ್ ಆನ್ ಮಾಡೋಕೆ ಒಂದು ಆಂಡ್ರಾಯ್ಡ್ ಫೋನು. ಮಾಡೋ ಜಾಗ ಮನೆ, ಕೆಫೆ ಅಲ್ಲ. ಓಪನ್ ಆಗಿರೋ ಫೈಲ್‌ಗಳನ್ನೆಲ್ಲ ಸೇವ್ ಮಾಡಿ, ಬ್ರೌಸರ್ ಪೂರ್ತಿ ಕ್ಲೋಸ್ ಮಾಡಿ. ಬ್ರೌಸರ್ ಯಾಕೆ ಅಂತ ಲಿನಕ್ಸ್ ಭಾಗದಲ್ಲಿ ಹೇಳ್ತೀನಿ.

ಆಫೀಸ್ ಲ್ಯಾಪ್‌ಟಾಪ್ ಆಗಿದ್ರೆ ಇಲ್ಲಿಗೇ ನಿಲ್ಸಿ, ಐಟಿ ಟೀಮಿಗೆ ಟಿಕೆಟ್ ಹಾಕಿ. ಈ ಊರಲ್ಲಿ ಕೆಫೆಲಿ ಓಪನ್ ಆಗೋ ಲ್ಯಾಪ್‌ಟಾಪಲ್ಲಿ ಎಷ್ಟೋ ಕಂಪನಿದು, ಅದಕ್ಕೇ ಒತ್ತಿ ಹೇಳ್ತಿದೀನಿ. ಕಂಪನಿ ಡೊಮೇನಿಗೆ ಸೇರ್ಸಿರೋ ಮಷಿನ್ ಹೆಸರನ್ನ ಅವರಿಗೆ ತಿಳೀದೆ ಬದಲಾಯ್ಸಿದ್ರೆ ಸರ್ವರ್ ಜೊತೆಗಿನ ನಂಬಿಕೆ ಮುರ್ದು ಲಾಗಿನ್ನೇ ಆಗ್ದೆ ಹೋಗ್ಬೋದು, ಆಮೇಲೆ ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ಕೊಂಡು ಆಫೀಸಿಗೆ ಹೋಗೇ ಸರಿ ಮಾಡಿಸ್ಬೇಕಾಗತ್ತೆ.

## ಹಂತ 1: ಈಗ ಯಾವ ಹೆಸರು ಕಾಣ್ತಿದೆ ಅಂತ ನೋಡ್ಕೊಳಿ

ಇದನ್ನ ಎಲ್ಲರೂ ಸ್ಕಿಪ್ ಮಾಡ್ತಾರೆ, ಆಮೇಲೆ ಬದಲಾಗಿದ್ಯೋ ಇಲ್ವೋ ಗೊತ್ತಾಗ್ದೆ ಒದ್ದಾಡ್ತಾರೆ. ಫೋನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ, ಫೋನಿನ ಹಾಟ್‌ಸ್ಪಾಟ್ ಸೆಟಿಂಗ್ಸಲ್ಲಿ ಕನೆಕ್ಟೆಡ್ ಡಿವೈಸಸ್ ಅಂತ ಇದ್ರೆ ತೆಗೀರಿ. ಸುಮಾರು ಆಂಡ್ರಾಯ್ಡ್ ಫೋನಲ್ಲಿ ಹೆಸರು ತೋರ್ಸತ್ತೆ, ಐಫೋನಲ್ಲಿ ಎಷ್ಟು ಜನ ಕನೆಕ್ಟ್ ಆಗಿದಾರೆ ಅನ್ನೋ ಲೆಕ್ಕ ಮಾತ್ರ. ಫೋನಲ್ಲಿ ಸಿಗ್ಲಿಲ್ಲ ಅಂದ್ರೆ ಮನೆ ರೂಟರ್ ಪೇಜು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಅದ್ರೊಳಗೆ ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್.

ಅಲ್ಲಿ ಕಾಣೋ ಹೆಸರನ್ನ ಒಂದ್ ಚೀಟಿಲಿ ಬರ್ಕೊಳಿ. ಪಕ್ಕದಲ್ಲಿ ಎರಡೆರಡು ಅಕ್ಷರವಾಗಿ ಆರು ಜೋಡಿ ಇರತ್ತಲ್ಲ, ಅದು ಮ್ಯಾಕ್ ಅಡ್ರೆಸ್, ಅದನ್ನೂ ಬರ್ಕೊಳಿ. ಮುಂದೆ ಎರಡೂ ಬೇಕು.

## ಹಂತ 2: ಹೊಸ ಹೆಸರು ಆರ್ಸೋದು

ಜನ ಎಡವೋ ಮುಖ್ಯ ಜಾಗ ಇದೇ. ಸ್ವಂತ ಹೆಸರು ತೆಗ್ದು "ಗೂಢಚಾರಿ-007" ಅಂತಲೋ "ಬಸವನಗುಡಿ-ಬಾಸ್" ಅಂತಲೋ ಇಡ್ತಾರೆ. ಇಡೀ ನೆಟ್‌ವರ್ಕಲ್ಲಿ ಅಂಥ ಹೆಸರು ಒಂದೇ ಒಂದು ಇರತ್ತೆ, ಇವತ್ತು ಜಯನಗರದ ಕೆಫೆಲಿ ಕಂಡಿದ್ದು ನಾಳೆ ಎಚ್‌ಎಸ್‌ಆರ್ ಕೋವರ್ಕಿಂಗಲ್ಲೂ ಕಂಡ್ರೆ ಅದು ನೀವೇ ಅಂತ ಹೇಳೋಕೆ ಪತ್ತೇದಾರ ಬೇಕಾಗಿಲ್ಲ. ಜಾತ್ರೇಲಿ ಕಳ್ದೋಗ್ಬೇಕು ಅಂದ್ರೆ ಜಾತ್ರೆ ಜನ ಹಾಕೋ ಬಟ್ಟೇನೇ ಹಾಕ್ಬೇಕು.

ಹಾಗಾಗಿ ಫ್ಯಾಕ್ಟರಿಯಿಂದ ಬಂದಿರೋ ಹಾಗೆ ಕಾಣೋ ಹೆಸರಿಡಿ. ವಿಂಡೋಸ್ ತಾನಾಗೇ ಇಡೋದು ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್ ಅನ್ನೋ ಪದ, ಒಂದು ಹೈಫನ್, ಆಮೇಲೆ ಅರ್ಥ ಇಲ್ಲದ ಅಕ್ಷರ ಮತ್ತೆ ಅಂಕಿ, ಡೆಸ್ಕ್‌ಟಾಪ್ ಆದ್ರೆ 7, ಲ್ಯಾಪ್‌ಟಾಪ್ ಆದ್ರೆ 8. ಅದೇ ಥರ ನೀವೇ ಮನಸ್ಸಿಗೆ ಬಂದಿದ್ದು ಅಷ್ಟೇ ಹಾಕಿ. ಹುಟ್ಟಿದ ವರ್ಷ, ಗಾಡಿ ನಂಬರ್, ಪಿನ್‌ಕೋಡ್ ಬೇಡ. ಆಪಲ್ ಮ್ಯಾಕ್ ಆದ್ರೆ ಬರೀ ಮ್ಯಾಕ್‌ಬುಕ್-ಏರ್ ಅಂತಲೋ ಮ್ಯಾಕ್‌ಬುಕ್-ಪ್ರೋ ಅಂತಲೋ ಸಾಕು. ಉಬುಂಟು ಇನ್‌ಸ್ಟಾಲ್ ಆಗೋವಾಗ ನಿಮ್ ಹೆಸರಿಗೆ ಲ್ಯಾಪ್‌ಟಾಪ್ ಮಾಡೆಲ್ ಅಂಟ್ಸಿ ತಾನೇ ಒಂದು ಹೆಸರು ಸೂಚಿಸತ್ತೆ, ಜನ ನೋಡ್ದೇ ನೆಕ್ಸ್ಟ್ ಒತ್ತಿರ್ತಾರೆ, ಹೆಸರೂ ಹೊರಗೆ ಮಾಡೆಲ್ಲೂ ಹೊರಗೆ.

ನಿಯಮ ಚಿಕ್ಕದು: ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಇಷ್ಟೇ. ಸ್ಪೇಸ್ ಬೇಡ, ಅಂಡರ್‌ಸ್ಕೋರ್ ಬೇಡ, ಕನ್ನಡ ಅಕ್ಷರ ಬೇಡ (ಅಭಿಮಾನ ಇದ್ರೆ ವಾಲ್‌ಪೇಪರಲ್ಲಿ ತೋರ್ಸಿ). ಶುರುನಲ್ಲೂ ಕೊನೇಲೂ ಹೈಫನ್ ಬೇಡ, ಬರೀ ಅಂಕಿನೂ ಬೇಡ. ಡಿಎನ್‌ಎಸ್ (ಇಂಟರ್ನೆಟ್ಟಿನ ಹೆಸರು-ವಿಳಾಸದ ಪುಸ್ತಕ) ಪ್ರಕಾರ 63 ಅಕ್ಷರ ತನಕ ನಡ್ಯತ್ತೆ, ಆದ್ರೆ ವಿಂಡೋಸಿನ ನೆಟ್‌ಬಯಾಸ್‌ಗೆ 15ಕ್ಕೇ ಮಿತಿ, ಆದ್ದರಿಂದ 15ರೊಳಗೇ ಮುಗ್ಸಿ.

## ಹಂತ 3: ವೈಫೈ ಆಫ್, ಹಳೇ ನೆಟ್‌ವರ್ಕುಗಳಿಗೆ ಟಾಟಾ

ಹೆಸರು ಮುಟ್ಟೋಕ್ ಮುಂಚೆ ಎರಡು ಕೆಲಸ. ಒಂದು, ಸೇವ್ ಆಗಿರೋ ವೈಫೈ ಲಿಸ್ಟ್ ತೆಗ್ದು ಕೆಫೆ, ಮಾಲು, ಏರ್‌ಪೋರ್ಟು, ಯಾರ್ದೋ ಮದ್ವೆ ಚೌಲ್ಟ್ರಿ, ಎಲ್ಲವನ್ನೂ ಫರ್ಗೆಟ್ ಮಾಡಿ. ಇಲ್ದಿದ್ರೆ ಆ ಕಡೆ ಹೋದ ತಕ್ಷಣ ನಿಮ್ಮನ್ನ ಕೇಳ್ದೇ ಕನೆಕ್ಟ್ ಆಗ್ಬಿಡತ್ತೆ. ಎರಡು, ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಇದ್ರೆ ಕಿತ್ತಾಕಿ.

ಯಾಕೆ ಅಂದ್ರೆ, ಕನೆಕ್ಟ್ ಆಗಿರೋವಾಗ್ಲೇ ಬದಲಾಯ್ಸಿದ್ರೆ ಅದೇ ರೂಟರ್ ಅದೇ ಮ್ಯಾಕ್ ಅಡ್ರೆಸ್ಸಿಗೆ ಮೊದಲು ಹಳೇ ಹೆಸರು, ಆಮೇಲೆ ಹೊಸ ಹೆಸರು, ಎರಡನ್ನೂ ನೋಡಿರತ್ತೆ, ಅಂದ್ರೆ ವೇಷ ಬದಲಾಯ್ಸಿದ್ದು ಅವರ ಕಣ್ಮುಂದೇನೇ ಆಯ್ತು.

## ಹಂತ 4: ಹೆಸರು ಬದಲಾಯ್ಸಿ

### ವಿಂಡೋಸ್

ಸೆಟಿಂಗ್ಸ್, ಸಿಸ್ಟಮ್, ಅಬೌಟ್, ಅಲ್ಲಿ ರಿನೇಮ್ ದಿಸ್ ಪಿಸಿ. ಹೊಸ ಹೆಸರು ಹಾಕಿ, ನೆಕ್ಸ್ಟ್, ರೀಸ್ಟಾರ್ಟ್ ನೌ. ರೀಸ್ಟಾರ್ಟ್ ಲೇಟರ್ ಅಂತ ಒತ್ತಿ ಮುಚ್ಚಿಟ್ಕೊಂಡು ಕೆಫೆಗೆ ಹೋದ್ರೆ ಹಳೇ ಹೆಸರಲ್ಲೇ ಹೋಗಿರ್ತೀರ. ಮುಚ್ಚಳ ಮುಚ್ಚೋದು ರೀಸ್ಟಾರ್ಟ್ ಅಲ್ಲ, ಅದು ನಿದ್ದೆ.

ಅಕೌಂಟ್ಸ್ ಅನ್ನೋ ಕಡೆ ಹೋಗ್ಲೇಬೇಡಿ, ಅದು ಯೂಸರ್ ಹೆಸರು, ಬೇರೆ ವಿಷಯ. ಸಿ ಡ್ರೈವಿನ ಯೂಸರ್ಸ್ ಫೋಲ್ಡರಲ್ಲಿ ನಿಮ್ ಹೆಸರಲ್ಲಿರೋ ಫೋಲ್ಡರೂ ಹಾಗೇ ಇರತ್ತೆ, ಅದನ್ನ ಕೈಯಾರೆ ರಿನೇಮ್ ಮಾಡೋಕ್ ಹೋಗಿ ಪ್ರೊಫೈಲ್ ಕೆಡ್ಸಿಕೊಂಡೋರನ್ನ ನೋಡಿದೀನಿ.

### ಆಪಲ್ ಮ್ಯಾಕ್

ಇಲ್ಲಿ ಎರಡು ಜಾಗ, ಒಂದನ್ನ ಮಾಡಿ ಇನ್ನೊಂದನ್ನ ಮರೆಯೋದೇ ಸಮಸ್ಯೆ. ಮೊದಲ್ನೇದು ಸಿಸ್ಟಮ್ ಸೆಟಿಂಗ್ಸ್, ಜನರಲ್, ಅಬೌಟ್, ಮೇಲ್ಗಡೆ ನೇಮ್. ಹೊಸದಾಗಿ ಸೆಟಪ್ ಮಾಡಿದಾಗ ಅಲ್ಲಿ "ರಮೇಶ್ಸ್ ಮ್ಯಾಕ್‌ಬುಕ್ ಏರ್" ಅಂತ ಅದೇ ಬರ್ಕೊಂಡಿರತ್ತೆ. ಎರಡನೇದು ಜನರಲ್, ಶೇರಿಂಗ್, ಪೂರ್ತಿ ಕೆಳಗೆ ಲೋಕಲ್ ಹೋಸ್ಟ್‌ನೇಮ್, ಎಡಿಟ್. ಕೊನೇಲಿ ಡಾಟ್ ಲೋಕಲ್ ಅಂತ ಇರೋದು ಇದೇ. ಮೊದಲ್ನೇದು ಬದಲಾದ್ರೆ ಎರಡನೇದು ತಾನಾಗೇ ಬದಲಾಗಿರ್ಬೋದು, ಆದ್ರೂ ತೆಗ್ದು ಕಣ್ಣಾರೆ ನೋಡಿ.

### ಲಿನಕ್ಸ್

ಉಬುಂಟು ಥರದ ಗ್ನೋಮ್ ಡೆಸ್ಕ್‌ಟಾಪಲ್ಲಿ ಸೆಟಿಂಗ್ಸ್ ಒಳಗೆ ಅಬೌಟ್, ಡಿವೈಸ್ ನೇಮ್ (ಹೊಸ ವರ್ಷನಲ್ಲಿ ಸಿಸ್ಟಮ್ ಒಳಗೆ ಅಬೌಟ್ ಇರತ್ತೆ). ಟರ್ಮಿನಲ್ ಇಷ್ಟ ಪಡೋರಿಗೆ ನೆಟ್‌ವರ್ಕ್ ಮ್ಯಾನೇಜರಿನ ಎನ್-ಎಂ-ಟಿ-ಯು-ಐ ಅನ್ನೋ ಐದಕ್ಷರದ ಪ್ರೋಗ್ರಾಮ್ ಇದೆ, ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಜೊತೆ ಓಡ್ಸಿದ್ರೆ ಮೆನು ಬರತ್ತೆ, ಅದ್ರಲ್ಲಿ ಸೆಟ್ ಸಿಸ್ಟಮ್ ಹೋಸ್ಟ್‌ನೇಮ್ ಆರ್ಸಿ. ಕಮಾಂಡ್ ಉದ್ದುದ್ದ ಟೈಪ್ ಮಾಡಿ ತಪ್ಪು ಮಾಡೋದಕ್ಕಿಂತ ಇದೇ ವಾಸಿ.

ಆಮೇಲೆ ಇಟಿಸಿ ಫೋಲ್ಡರಲ್ಲಿರೋ ಹೋಸ್ಟ್ಸ್ ಫೈಲನ್ನ ಸುಡೋ ಕೊಟ್ಟು ಓಪನ್ ಮಾಡಿ, 127.0.1.1 ಅಂತ ಶುರುವಾಗೋ ಸಾಲಲ್ಲಿ ಹಳೇ ಹೆಸರಿದ್ರೆ ಹೊಸದು ಹಾಕಿ. ಇದನ್ನ ಮರೆತ್ರೆ ಕೆಲವು ಸಿಸ್ಟಮಲ್ಲಿ ಪ್ರತೀ ಸಲ ಸುಡೋ ಕೊಟ್ಟಾಗ್ಲೂ "ಅನೇಬಲ್ ಟು ರಿಸಾಲ್ವ್ ಹೋಸ್ಟ್" ಅಂತ ಗೊಣಗತ್ತೆ. ಹೆಸರನ್ನ ಬರೀ ಲೋಕಲ್‌ಹೋಸ್ಟ್ ಅಂತ ಇಟ್ರೆ ಜಾಣತನ ಅನ್ಕೋಬೇಡಿ, ಹಾಗಿದ್ದಾಗ ನೀವು ಸೇರಿದ ನೆಟ್‌ವರ್ಕ್ ಕೊಟ್ಟ ಹೆಸರನ್ನೇ ಸಿಸ್ಟಮ್ ತಾತ್ಕಾಲಿಕವಾಗಿ ಹಾಕ್ಕೊಳೋ ಸಾಧ್ಯತೆ ಇದೆ.

ಬ್ರೌಸರ್ ವಿಷಯ: ಲಿನಕ್ಸಲ್ಲಿ ಕ್ರೋಮ್ ತನ್ನ ಪ್ರೊಫೈಲ್ ಬೀಗದ ಫೈಲಲ್ಲಿ ಹೋಸ್ಟ್‌ನೇಮ್ ಬರ್ದಿಟ್ಕೊಳತ್ತೆ. ಅದು ಓಪನ್ ಇರೋವಾಗ ಹೆಸರು ಬದಲಾಯ್ಸಿದ್ರೆ, ಮುಂದಿನ ಸಲ "ಈ ಪ್ರೊಫೈಲ್ ಬೇರೆ ಕಂಪ್ಯೂಟರಲ್ಲಿ ಬಳಕೆಯಲ್ಲಿದೆ" ಅಂತ ಹೇಳಿ ಓಪನ್ನೇ ಆಗಲ್ಲ. ಗಾಬರಿಯಾಗಿ ಇಡೀ ಪ್ರೊಫೈಲ್ ಡಿಲೀಟ್ ಮಾಡ್ಬೇಡಿ, ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ಕ್ರೋಮ್ ಫೋಲ್ಡರಲ್ಲಿ ಸಿಂಗಲ್‌ಟನ್‌ಲಾಕ್ ಅನ್ನೋ ಒಂದು ಫೈಲ್ ತೆಗ್ದಾಕಿದ್ರೆ ಸಾಕು. ಎಲ್ಲಾ ಆದ್ಮೇಲೆ ರೀಸ್ಟಾರ್ಟ್ ಮಾಡಿ, ಮಾಡ್ಲೇಬೇಕು ಅಂತಿಲ್ಲ, ಆದ್ರೆ ಹಳೇ ಹೆಸರು ಹಿಡ್ಕೊಂಡು ಕೂತಿರೋ ಪ್ರೋಗ್ರಾಮ್‌ಗಳೆಲ್ಲ ಒಂದೇ ಸಲಕ್ಕೆ ಬಿಡ್ತವೆ.

## ಹಂತ 5: ಮ್ಯಾಕ್ ಅಡ್ರೆಸ್

ಕನ್ನಡದಲ್ಲಿ ಬರ್ದಾಗ ಎರಡೂ ಒಂದೇ ಥರ ಕಾಣತ್ತೆ, ಆದ್ರೆ ಇದು ಆಪಲ್ ಮ್ಯಾಕ್ ಅಲ್ಲ, ವೈಫೈ ಕಾರ್ಡಿಗೆ ಫ್ಯಾಕ್ಟರೀಲಿ ಕೊಟ್ಟಿರೋ ನಂಬರ್, ಗಾಡಿಯ ಚಾಸಿ ನಂಬರ್ ಥರ. ಹೆಸರು ಬದಲಾಯ್ಸಿ ಇದನ್ನ ಹಾಗೇ ಬಿಟ್ರೆ, ನಂಬರ್ ಪ್ಲೇಟ್ ಉಳ್ಸಿಕೊಂಡು ಗಾಡಿ ಬಣ್ಣ ಮಾತ್ರ ಬದಲಾಯ್ಸಿದಂಗೆ. ಮೊದಲೇ ಹೋಗಿದ್ದ ಕೆಫೆ ರೂಟರಿಗೆ ನೀವು ಹಳೇ ಗಿರಾಕಿನೇ.

ವಿಂಡೋಸ್ 11ರಲ್ಲಿ ಸೆಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್ ಆನ್. ಆ ಆಪ್ಷನ್ನೇ ಕಾಣ್ತಿಲ್ಲ ಅಂದ್ರೆ ನಿಮ್ ವೈಫೈ ಕಾರ್ಡ್ ಸಪೋರ್ಟ್ ಮಾಡಲ್ಲ. ಆಪಲ್‌ನಲ್ಲಿ ಮ್ಯಾಕ್‌ಓಎಸ್ 15 ಸಿಕ್ವೊಯದಿಂದ ಮುಂದಕ್ಕೆ, ಪ್ರತೀ ನೆಟ್‌ವರ್ಕಿನ ಡೀಟೇಲ್ಸಲ್ಲಿ ಪ್ರೈವೇಟ್ ವೈಫೈ ಅಡ್ರೆಸ್ ಇದೆ, ಪಬ್ಲಿಕ್ ಜಾಗಕ್ಕೆ ರೊಟೇಟಿಂಗ್ ಇಡಿ. ಲಿನಕ್ಸಲ್ಲಿ ವೈಫೈ ಪಕ್ಕದ ಗೇರ್ ಒತ್ತಿ ಐಡೆಂಟಿಟಿ ಟ್ಯಾಬಲ್ಲಿ ಕ್ಲೋನ್ಡ್ ಅಡ್ರೆಸ್ ಅನ್ನೋದನ್ನ ರ್‍ಯಾಂಡಮ್ ಮಾಡಿ.

ಮನೇಲಿ, ಪಿಜಿಲಿ ಇದನ್ನ ಆಫ್ ಇಡಿ. ಎಷ್ಟೋ ಪಿಜಿಲಿ ಒಬ್ಬರಿಗೆ ಎರಡೇ ಡಿವೈಸ್ ಅಂತ ಮ್ಯಾಕ್ ಅಡ್ರೆಸ್ ಮೇಲೆ ಲೆಕ್ಕ ಇಟ್ಟಿರ್ತಾರೆ, ಅದು ದಿನಾ ಬದಲಾದ್ರೆ ಮೂರನೇ ದಿನಕ್ಕೆ ನೆಟ್ ಕಟ್, ಓನರ್ ಹತ್ರ ಹೋಗಿ ವಿವರಣೆ ಕೊಡ್ಬೇಕು. ಪಬ್ಲಿಕ್ ಕಡೆ ಓಟಿಪಿ ಮತ್ತೆ ಮತ್ತೆ ಕೇಳ್ಬೋದು, ಅದನ್ನ ಸಹಿಸ್ಕೊಳಿ.

## ಹಂತ 6: ಕೂಗೋದು ನಿಲ್ಸಿ

ವಿಂಡೋಸಲ್ಲಿ ಹೊಸ ವೈಫೈ ಸೇರಿದಾಗ ಅದರ ಪ್ರಾಪರ್ಟೀಸಲ್ಲಿ ಪಬ್ಲಿಕ್ ನೆಟ್‌ವರ್ಕ್ ಅಂತ ಇರ್ಬೇಕು, ಪ್ರೈವೇಟ್ ಅಲ್ಲ. ಅಡ್ವಾನ್ಸ್ಡ್ ಶೇರಿಂಗ್ ಸೆಟಿಂಗ್ಸಲ್ಲಿ ಪಬ್ಲಿಕ್ ಭಾಗದಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆಫ್. ಇನ್ನೂ ಒಂದ್ ಹೆಜ್ಜೆ ಮುಂದೆ ಹೋಗೋರು ಅಡಾಪ್ಟರಿನ ಐಪಿವಿ4 ಪ್ರಾಪರ್ಟೀಸ್, ಅಡ್ವಾನ್ಸ್ಡ್, ವಿನ್ಸ್ ಟ್ಯಾಬಲ್ಲಿ ನೆಟ್‌ಬಯಾಸ್ ಡಿಸೇಬಲ್ ಮಾಡ್ಬೋದು. ತೀರಾ ಹಳೇ ಶೇರ್ಡ್ ಪ್ರಿಂಟರ್ ಇದ್ರೆ ಅದು ಕೈ ಕೊಡ್ಬೋದು.

ಆಪಲ್‌ನಲ್ಲಿ ಶೇರಿಂಗ್ ಪೇಜಲ್ಲಿ ಆನ್ ಇರೋದೆಲ್ಲ ಆಫ್, ಏರ್‌ಡ್ರಾಪ್ ಕಾಂಟ್ಯಾಕ್ಟ್ಸ್ ಓನ್ಲಿ. ಲಿನಕ್ಸಲ್ಲಿ ಎಂಡಿಎನ್‌ಎಸ್ ಕೂಗೋ ಅವಾಹಿ ಸರ್ವಿಸ್ ಸ್ಟಾಪ್ ಮಾಡಿ, ಅದರ ಸಾಕೆಟನ್ನೂ ಸೇರ್ಸಿ, ಇಲ್ದಿದ್ರೆ ಎಬ್ಬಿಸ್ದಂಗೇ ಎದ್ದು ಕೂರತ್ತೆ. ವೈಫೈ ಪ್ರಿಂಟರ್ ತಾನಾಗೇ ಸಿಗೋದು ನಿಂತ್ಹೋಗತ್ತೆ, ಅದು ಇದರ ಬೆಲೆ. ಲಿನಕ್ಸಿನ ಒಂದು ಲಾಭ ಅಂದ್ರೆ ಡಿಎಚ್‌ಸಿಪಿಲಿ ಹೆಸರನ್ನ ಕಳ್ಸಲೇಬೇಡ ಅಂತ ನೆಟ್‌ವರ್ಕ್ ಮ್ಯಾನೇಜರಿಗೆ ಹೇಳ್ಬೋದು, ಡಿಎಚ್‌ಸಿಪಿ-ಸೆಂಡ್-ಹೋಸ್ಟ್‌ನೇಮ್ ಅನ್ನೋ ಸೆಟಿಂಗ್, ಐಪಿವಿ4ಗೂ ಐಪಿವಿ6ಗೂ ಬೇರೆಬೇರೆ ಇದೆ, ಎರಡನ್ನೂ ನೋ ಮಾಡ್ಬೇಕು. ನಾಲ್ಕನ್ನ ಮಾಡಿ ಆರನ್ನ ಮರೆಯೋದು ಮಾಮೂಲಿ.

## ಹಂತ 7: ಹೊರಗೆ ಹೋಗೋಕ್ ಮುಂಚೆ ಚೆಕ್ ಮಾಡಿ

ಹಂತ 1ರ ಹಾಟ್‌ಸ್ಪಾಟನ್ನೇ ಮತ್ತೆ ಆನ್ ಮಾಡಿ, ಆದ್ರೆ ಅದಕ್ಕೂ ಮುಂಚೆ ಲ್ಯಾಪ್‌ಟಾಪಲ್ಲಿ ಆ ಹಾಟ್‌ಸ್ಪಾಟನ್ನ ಫರ್ಗೆಟ್ ಮಾಡಿ ಹೊಸದಾಗಿ ಸೇರಿ. ಚೀಟಿ ಎದುರಿಗಿಟ್ಕೊಳಿ. ಹೆಸರೂ ಮ್ಯಾಕ್ ಅಡ್ರೆಸ್ಸೂ ಎರಡೂ ಬೇರೆ ಕಂಡ್ರೆ ಕೆಲಸ ಆಯ್ತು. ಹೆಸರು ಹಳೇದೇ ಇದ್ರೆ ಫೋನೋ ರೂಟರೋ ಹಳೇ ಲೀಸ್ (ಹಿಂದೆ ಐಪಿ ಕೊಟ್ಟಿದ್ದರ ಲೆಕ್ಕ) ನೆನಪಿಟ್ಕೊಂಡಿರ್ಬೋದು, ಹಾಟ್‌ಸ್ಪಾಟ್ ಆಫ್ ಮಾಡಿ ಆನ್ ಮಾಡಿ, ರೂಟರ್ ಆದ್ರೆ ಒಂದ್ಸಲ ರೀಬೂಟ್. ಆಮೇಲೂ ಹಳೇದೇ ಅಂದ್ರೆ ಹಂತ 4ರಲ್ಲಿ ರೀಸ್ಟಾರ್ಟ್ ಮಾಡಿಲ್ಲ ನೀವು, ಸುಮ್ನೆ ಒಪ್ಕೊಳಿ.

ಪೂರ್ತಿ ಖಾತ್ರಿ ಬೇಕು ಅನ್ನೋರು ನೆಟ್‌ವರ್ಕಲ್ಲಿ ಏನೇನು ಹೋಗ್ತಿದೆ ಅಂತ ತೋರ್ಸೋ ವೈರ್‌ಶಾರ್ಕ್ ಹಾಕ್ಕೊಂಡು, ಸ್ವಂತ ಹಾಟ್‌ಸ್ಪಾಟಲ್ಲಿ ಮಾತ್ರ, ಕ್ಯಾಪ್ಚರ್ ಶುರು ಮಾಡಿ ವೈಫೈ ಆಫ್ ಆನ್ ಮಾಡಿ, ಡಿಎಚ್‌ಸಿಪಿ ಅಂತ ಫಿಲ್ಟರ್ ಕೊಟ್ರೆ ಆಪ್ಷನ್ 12ರಲ್ಲಿ ಏನ್ ಹೋಗ್ತಿದೆ ಅಂತ ಕಾಣತ್ತೆ. ಕೆಫೆ ನೆಟ್‌ವರ್ಕಲ್ಲಿ ಕೂತು ಸ್ಕ್ಯಾನ್ ಮಾಡೋಕ್ ಹೋಗ್ಬೇಡಿ, ಅದು ಬೇರೆಯವರ ಮನೆ ಕಿಟಕಿಲಿ ಇಣುಕ್ದಂಗೆ.

## ಏನೋ ಸರಿ ಇಲ್ಲ ಅನ್ನೋ ಸೂಚನೆಗಳು

ಆಪಲ್ ಮ್ಯಾಕಲ್ಲಿ ಹೆಸರಿನ ಕೊನೇಲಿ ತಾನಾಗೇ 2 ಅಂತ ಸೇರ್ಕೊಂಡ್ರೆ ಆ ನೆಟ್‌ವರ್ಕಲ್ಲಿ ಅದೇ ಹೆಸರಿನವರು ಇನ್ನೊಬ್ರಿದಾರೆ ಅಂತ, ಅಥವಾ ನಿಮ್ ಮಷಿನ್ನೇ ಕೇಬಲ್ ಮತ್ತೆ ವೈಫೈ ಎರಡರಲ್ಲೂ ಇದೆ ಅಂತ. ಕೆಫೆಲಿ ಆದ್ರೆ ಖುಷಿ ಪಡಿ, ಜಾತ್ರೇಲಿ ಕಳ್ದೋಗಿದೀರ.

ಮನೇಲಿ ಇನ್ನೊಂದ್ ಕಂಪ್ಯೂಟರಿಂದ ಈ ಲ್ಯಾಪ್‌ಟಾಪಿನ ಶೇರ್ಡ್ ಫೋಲ್ಡರ್, ಪ್ರಿಂಟರ್, ರಿಮೋಟ್ ಡೆಸ್ಕ್‌ಟಾಪ್ ಸಿಗ್ತಿಲ್ಲ ಅಂದ್ರೆ ಅವೆಲ್ಲ ಹಳೇ ಹೆಸರಲ್ಲಿ ಹುಡುಕ್ತಿದಾವೆ, ಅಲ್ಲಿ ಹೊಸ ಹೆಸರು ಹಾಕಿ. ಮಷಿನ್ ಹೆಸರಿಗೆ ಕಟ್ಟಿರೋ ಲೈಸೆನ್ಸ್ ಸಾಫ್ಟ್‌ವೇರ್ ಇದ್ರೆ ಬದಲಾಯ್ಸೋಕ್ ಮುಂಚೇನೇ ವಿಚಾರ್ಸಿ, ಸಿಎ ಆಫೀಸಲ್ಲಿ ಕೆಲಸ ಮಾಡೋ ಫ್ರೆಂಡೊಬ್ಬ ತಿಂಗಳ ಕೊನೇಲಿ ಇದನ್ನ ಮಾಡಿ ಎರಡು ದಿನ ಕಳ್ಕೊಂಡ.

ಹಳೇ ಹೆಸರು ಬಚ್ಚಿಟ್ಕೊಂಡಿರೋ ಮೂಲೆಗಳೂ ಇವೆ. ವಿಂಡೋಸಿನ ಮೊಬೈಲ್ ಹಾಟ್‌ಸ್ಪಾಟ್ ಹೆಸರಲ್ಲಿ ಹಳೇ ಕಂಪ್ಯೂಟರ್ ಹೆಸರು ಇನ್ನೂ ಇದ್ಯಾ ನೋಡಿ. ಬ್ಲೂಟೂತ್ ಹೆಸರು ನೋಡಿ. ಕೋಡ್ ಬರಿಯೋರು ಎಸ್‌ಎಸ್‌ಎಚ್ ಪಬ್ಲಿಕ್ ಕೀ ಫೈಲಿನ ಕೊನೇಲಿರೋ ಕಾಮೆಂಟ್ ನೋಡಿ, ಯೂಸರ್ ಹೆಸರು ಅಟ್ ಹಳೇ ಹೋಸ್ಟ್‌ನೇಮ್ ಅಂತ ಕೂತಿರತ್ತೆ, ಅದನ್ನ ಎಡಿಟ್ ಮಾಡಿದ್ರೆ ಕೀ ಕೆಡಲ್ಲ.

ಮತ್ತೆ ಫೋನು. ಸಂಜೆ ಹೊತ್ತು ಮೆಜೆಸ್ಟಿಕ್ಕಿಂದ ಹೊರಡೋ ನಮ್ಮ ಮೆಟ್ರೋಲಿ ವೈಫೈ ಲಿಸ್ಟ್ ತೆಗ್ದು ನೋಡಿ, ಯಾರ್ಯಾರ ಐಫೋನು ಅಂತ ಹೆಸರು ಸಮೇತ ಸಾಲಾಗಿ ಬರತ್ತೆ. ಐಫೋನಲ್ಲಿ ಸೆಟಿಂಗ್ಸ್, ಜನರಲ್, ಅಬೌಟ್, ನೇಮ್ ಬದಲಾಯ್ಸಿದ್ರೆ ಹಾಟ್‌ಸ್ಪಾಟ್ ಹೆಸರೂ ಅದರ ಜೊತೆ ಬದಲಾಗತ್ತೆ. ಆಂಡ್ರಾಯ್ಡಲ್ಲಿ ಅಬೌಟ್ ಫೋನ್ ಒಳಗಿನ ಡಿವೈಸ್ ನೇಮ್ ಒಂದು, ಹಾಟ್‌ಸ್ಪಾಟ್ ಹೆಸರು ಒಂದು, ಬ್ಲೂಟೂತ್ ಹೆಸರು ಒಂದು, ಮೂರನ್ನೂ ತೆಗ್ದು ನೋಡಿ.